ಎಪ್ಪತ್ತೆರಡು ಜಬ್ಲಾ, ಒಂದು ಸೂಜಿಮೊನೆ

2019ರಲ್ಲಿ ನಾನು ಕೆ.ಜಿ.ಎಫ್.ನಿಂದ ಬಂಗಾರಪೇಟೆಗೆ ಬರುವ ರಸ್ತೆಯ ಪಕ್ಕದ ಒಂದು ಮಕ್ಕಳ ಉಡುಪಿನ ಕಂಪನಿಯಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ಹೊಲಿದ ಬಟ್ಟೆ ಗೇಟು ದಾಟಬೇಕಾದರೆ ನನ್ನ ಸಹಿ ಬೇಕಿತ್ತು. ಅಲ್ಲಿ ಸೇರಿ ಐದು ವರ್ಷವಾಗಿತ್ತು. ಅದಕ್ಕೂ ಮೊದಲು ಹದಿನೈದು ವರ್ಷ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿದಿದ್ದೆ. ಬೆಳಗಿನ ರೈಲಿಗೆ ಬಂಗಾರಪೇಟೆ ಬಿಟ್ಟು ಕತ್ತಲಾದ ಮೇಲೆ ಮನೆ ಸೇರುವ ಬದುಕು ಸಾಕಾಗಿತ್ತು. ಮನೆಯ ಹತ್ತಿರವೇ ಕೆಲಸವಿದೆ ಎಂದು ತಿಳಿದಾಗ ಎರಡು ಸಲ ಯೋಚಿಸದೆ ಸೇರಿಕೊಂಡೆ.

ಸುತ್ತಲಿನವರು ನಮ್ಮ ಕಂಪನಿಯನ್ನು ಜಬ್ಲಾ ಫ್ಯಾಕ್ಟ್ರಿ ಎನ್ನುತ್ತಿದ್ದರು. ಜಬ್ಲಾ ಎಂದರೆ ಹಸುಗೂಸುಗಳಿಗೆ ಹಾಕುವ ತೋಳಿಲ್ಲದ ಮೆತ್ತನೆಯ ಅಂಗಿ. ಕಂಪನಿ ಹುಟ್ಟಿದ್ದೇ ಅದರಿಂದ. ಚಿನ್ನದ ಗಣಿ ಮುಚ್ಚಿ ಗಂಡನ ಕೆಲಸ ಹೋದಾಗ ಮರಗದಮ್ಮ ಎಂಬ ಹೆಂಗಸು ಗಣಿ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಎರಡು ತುಳಿಯುವ ಮಿಷನ್ ಇಟ್ಟುಕೊಂಡು ಕೂತರು. ತಿರುಪ್ಪೂರಿನಿಂದ ತೂಕದ ಲೆಕ್ಕದಲ್ಲಿ ಬರುತ್ತಿದ್ದ ಬನಿಯನ್ ಬಟ್ಟೆಯ ತುಂಡುಗಳನ್ನು ಕತ್ತರಿಸಿ ಜಬ್ಲಾ ಹೊಲಿದು, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಮಾರುತ್ತಿದ್ದರು. ಎರಡು ಮಿಷನ್ ನಾಲ್ಕಾದವು, ನಾಲ್ಕು ಹತ್ತಾದವು. ಅಕ್ಕಪಕ್ಕದ ಮನೆಗಳ ಹೆಂಗಸರು ಬಂದು ಸೇರಿದರು. ಶಾಲೆಯ ಯೂನಿಫಾರಂ ಸಿಕ್ಕಿತು, ಆಮೇಲೆ ಬೆಂಗಳೂರಿನ ಒಬ್ಬ ಎಕ್ಸ್‌ಪೋರ್ಟರ್ ಹೊರದೇಶದ ಆರ್ಡರ್ ಕೊಡತೊಡಗಿದರು. ನಾನು ಸೇರುವ ಹೊತ್ತಿಗೆ ನೂರಮೂವತ್ತು ಮಿಷನ್‌ಗಳ ಶೆಡ್ ಎದ್ದಿತ್ತು. ಮಾಲೀಕರಾದ ಮೇಲೂ ಮರಗದಮ್ಮ ಮಿಷನ್‌ಗಳ ಸಾಲಿನ, ಅಂದರೆ ಲೈನಿನ, ಕೊನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಅಂಗಿಗಳನ್ನು ಒಳಹೊರಗು ಮಾಡಿ ಕೆನ್ನೆಗೆ ಉಜ್ಜಿ ನೋಡುತ್ತಿದ್ದರು. "ಕೂಸ್ಗೆ ಮಾತು ಬರಲ್ಲ ಮಾ. ಚುಚ್ಚುತ್ತೆ ಅಂತ ಅದು ಯಾರ್ಗೆ ಹೇಳುತ್ತೆ?" ಎನ್ನುತ್ತಿದ್ದರು.

ಮಕ್ಕಳ ಬಟ್ಟೆಯ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಮುರಿದ ಸೂಜಿಯದು. ಮಿಷನ್ ಓಡುವಾಗ ಸೂಜಿ ಮುರಿಯುವುದು ಸಹಜ. ಮುರಿದರೆ ಟೈಲರ್ ಎಲ್ಲ ಚೂರುಗಳನ್ನೂ ತಂದು ಒಪ್ಪಿಸಬೇಕು. ಅವನ್ನು ಜೋಡಿಸಿ, ಪೂರ್ತಿ ಸೂಜಿ ಆಯಿತೆಂದು ಖಚಿತವಾದ ಮೇಲೆ ರಿಜಿಸ್ಟರಿನಲ್ಲಿ ಟೇಪು ಹಾಕಿ ಅಂಟಿಸುತ್ತೇವೆ. ಆಮೇಲೆಯೇ ಹೊಸ ಸೂಜಿ. ಒಂದು ಚೂರು ಕಡಿಮೆಯಾದರೂ ಆ ಮಿಷನ್ ನಿಲ್ಲುತ್ತದೆ, ಸುತ್ತಲಿನ ಬಟ್ಟೆಯೆಲ್ಲ ತಡೆಹಿಡಿದ ಮಾಲಿನ ಕೆಂಪು ಡಬ್ಬಕ್ಕೆ ಹೋಗುತ್ತದೆ. ಇವೆಲ್ಲ ಎಲ್ಲ ಕಾರ್ಖಾನೆಗಳಲ್ಲೂ ಇರುವ ನಿಯಮಗಳು. ಇವುಗಳ ಮೇಲೆ ನಾನೊಂದು ಸೇರಿಸಿದ್ದೆ: ಚೂರು ಸಿಗುವವರೆಗೆ ಆ ಟೈಲರ್ ಮನೆಗೆ ಹೋಗುವಂತಿಲ್ಲ. ಅವರೇ ಕೂತು ಹುಡುಕಬೇಕು. ಹಾಗಾದರೆ ಜಾಗ್ರತೆಯಿಂದ ಹೊಲಿಯುತ್ತಾರೆ ಎಂಬುದು ನನ್ನ ಲೆಕ್ಕ.

ಕೊನೆಯ ಕಾವಲು ಮೆಟಲ್ ಡಿಟೆಕ್ಟರ್. ಬೆಲ್ಟಿನ ಮೇಲೆ ಬಟ್ಟೆ ಸಾಗುವಾಗ ಒಳಗೆ ಕಬ್ಬಿಣದ ಕಣವಿದ್ದರೆ ಕೆಂಪು ದೀಪ ಹತ್ತಿ ಬೆಲ್ಟ್ ನಿಲ್ಲುತ್ತದೆ.

ಪ್ರತಿ ವರ್ಷ, ಕಂಪನಿ ಶುರುವಾದ ದಿನದ ನೆನಪಿಗೆ ಮರಗದಮ್ಮ ಸುತ್ತಲಿನ ಹಳ್ಳಿಗಳ ಬಾಣಂತಿಯರಿಗೆ ಜಬ್ಲಾ, ಟೋಪಿಗಳನ್ನು ಉಚಿತವಾಗಿ ಕೊಡುತ್ತಿದ್ದರು. ಆ ವರ್ಷ ಕ್ಯಾಸಂಬಳ್ಳಿ ಮತ್ತು ಕಾಮಸಮುದ್ರದ ಕಡೆ ಎಪ್ಪತ್ತೆರಡು ಕೂಸುಗಳಿದ್ದವು. ಒಂದು ಮಂಗಳವಾರ ಆ ಜಬ್ಲಾಗಳು ಸಿದ್ಧವಾದವು. ಬುಧವಾರ ಬೆಳಗ್ಗೆ ಅವನ್ನು ಒಯ್ಯಲು ಆಶಾ ಕಾರ್ಯಕರ್ತೆಯರು ಬಂದರು. ಅದೇ ಹೊತ್ತಿಗೆ ಎಕ್ಸ್‌ಪೋರ್ಟ್ ಮಾಲಿನ ಲಾರಿ ಗೇಟಿನಲ್ಲಿ ನಿಂತಿತ್ತು, ಡಿಟೆಕ್ಟರಿನ ಬೆಲ್ಟು ಪೂರ್ತಿ ಆ ಮಾಲಿನಿಂದ ತುಂಬಿತ್ತು. "ಮೇಡಂ, ಇವನ್ನ ಹಂಗೇ ಕಳ್ಸಿಬಿಡ್ಲಾ?" ಎಂದು ಪ್ಯಾಕಿಂಗಿನವರು ಕೇಳಿದರು. ನಾನು ಸಹಿ ಹಾಕಿದೆ. ಮಾರುವ ಮಾಲಲ್ಲ, ಇಲ್ಲೇ ಹಂಚುವುದು ತಾನೇ ಎಂದು ನನ್ನ ಮನಸ್ಸಿಗೆ ಬಂದದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಹೊರದೇಶದ ಕೂಸಿಗಾಗಿ ಹೊಲಿದ ಒಂದು ಅಂಗಿಯನ್ನೂ ನಾನು ಹಾಗೆ ಬಿಟ್ಟವಳಲ್ಲ.

ಶುಕ್ರವಾರ ಬೆಳಗ್ಗೆ ಶಿಫ್ಟು ಶುರುವಾಗುವ ಮೊದಲೇ ನಾಗವೇಣಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕಾಮಸಮುದ್ರದ ಕಡೆಯ ಹಳ್ಳಿಯವಳು, ನಾಲ್ಕು ವರ್ಷದಿಂದ ನಮ್ಮಲ್ಲಿ ಟೈಲರ್. ಭುಜ ಮತ್ತು ಕುತ್ತಿಗೆಗೆ ಪಟ್ಟಿ ಹಾಕುವ ನಾಜೂಕು ಕೆಲಸವನ್ನು ಅವಳಿಗೇ ಕೊಡುತ್ತಿದ್ದೆವು. ಒಳಗೆ ಬಂದವಳು ಸೆರಗಿನ ಗಂಟು ಬಿಚ್ಚಿ, ಮಡಿಸಿದ ಒಂದು ಕಾಗದವನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಮುರಿದ ಸೂಜಿಯಿತ್ತು.

"ಮಂಗಳ್ವಾರ ಸಾಯಂಕಾಲ ಮುರೀತು ಮೇಡಂ. ಮೊನೆ ಸಿಗ್ಲಿಲ್ಲ. ನಾನು ಯೋಳ್ಲಿಲ್ಲ."

"ಹೊಸ ಸೂಜಿ ಯಾರು ಕೊಟ್ಟರು?"

"ಪ್ಯಾಟೆ ದಾರದಂಗ್ಡೀಲಿ ತಂದು ಇಕ್ಕೊಂಡಿದ್ದೆ."

ನಾನು ಪೆಟ್ಟಿಗೆಯಿಂದ ಒಂದು ಹೊಸ ಸೂಜಿ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ದಾರ ಪೋಣಿಸುವ ಕಣ್ಣಿನಿಂದ ಕೆಳಗಿನ ಭಾಗ ಇರಲಿಲ್ಲ. ಅಕ್ಕಿಕಾಳಿಗಿಂತ ಚಿಕ್ಕದು, ಆದರೆ ಇಡೀ ಸೂಜಿಯಲ್ಲಿ ಚುಚ್ಚುವ ಭಾಗವೇ ಅದು.

ಆಗ ಯಾವ ಬಟ್ಟೆ ಹೊಲಿಯುತ್ತಿದ್ದೆ ಎಂದು ಕೇಳಬೇಕಿತ್ತು. ಉತ್ತರ ಗೊತ್ತಿದ್ದರಿಂದ ಕೇಳಲಿಲ್ಲ. ಅವಳೇ ಹೇಳಿದಳು. "ಕೂಸ್ಗಳಿಗೆ ಕೊಟ್ರಲ್ಲ, ಅವೇ ಜಬ್ಲಾ. ನಿನ್ನೆ ನಮ್ ಪಕ್ಕದ್ಮನೆ ಕೂಸ್ಗೆ ಆಕಿದ್ರು. ಎತ್ಕೊಳ್ಳೋ ನೆಪ್ದಲ್ಲಿ ಪೂರಾ ತಡವಿ ನೋಡ್ದೆ. ಅದ್ರಲ್ಲಿಲ್ಲ. ಅಂಗಂದ್ರೆ ಇನ್ಯಾವ್ದೋ ಕೂಸಿನ ಮೈಮ್ಯಾಲೆ ಐತೆ. ನಂಗೆ ಅನ್ನ ಇಳೀತಿಲ್ಲ ಮೇಡಂ."

ನಾನವಳನ್ನು ಬೈಯಲಿಲ್ಲ. ಎರಡು ರಾತ್ರಿ ಕಳೆದಿದ್ದವು. ಕೂಸುಗಳನ್ನು ಮಗ್ಗುಲಾಗಿಸಿದ್ದಾರೆ, ಎದೆಗೊತ್ತಿ ಹಾಲು ಕುಡಿಸಿದ್ದಾರೆ, ಭುಜಕ್ಕೆ ಹಾಕಿ ತೇಗಿಸಿದ್ದಾರೆ.

ಮರಗದಮ್ಮನವರಿಗೆ ವಿಷಯ ಹೇಳಿದಾಗ ಅವರು ಕುರ್ಚಿಯ ಕೈ ಹಿಡಿದುಕೊಂಡು ಕೂತರು. ಆಮೇಲೆ, "ಇದು ಹೊರಗೆ ಯಾರ್ಗಾದ್ರೂ ಗೊತ್ತಾ?" ಎಂದು ಕೇಳಿದರು. ಅವರ ಮುಖ ನೋಡಲು ನನಗಾಗಲಿಲ್ಲ, ಏಕೆಂದರೆ ಕಾರಿಡಾರಿನಲ್ಲಿ ನಡೆದು ಬರುವಾಗ ನಾನೂ ಅದನ್ನೇ ಯೋಚಿಸಿದ್ದೆ. ಸೈಜು ತಪ್ಪಾಗಿದೆ, ಬದಲಿಸಿಕೊಡುತ್ತೇವೆ ಎಂದು ಹೇಳಿ ಸದ್ದಿಲ್ಲದೆ ವಾಪಸು ತರಿಸಬಹುದಿತ್ತು. ಎಕ್ಸ್‌ಪೋರ್ಟರ್ ಕಿವಿಗೆ ಬಿದ್ದರೆ ನೂರಮೂವತ್ತು ಮಿಷನ್ ನಿಲ್ಲುವ ಹೆದರಿಕೆಯಿತ್ತು.

"ಸೈಜು ಅಂದರೆ ಅವರು ನಾಳೆ ಕೊಡ್ತೀವಿ ಅಂತಾರೆ ಅಮ್ಮ," ಎಂದೆ. "ಸೂಜಿ ಅಂದರೆ ಈ ಕ್ಷಣ ಬಿಚ್ಚುತ್ತಾರೆ."

ಅವರು ಎದ್ದು ನಿಂತರು. "ಸೂಜಿ ಅಂತಾನೇ ಹೇಳು. ಕೊಳಂದೆಗಳ ಮೇಲಿಂದ ಮೊದ್ಲು ಬಟ್ಟೆ ತೆಗೀಲಿ. ಫ್ಯಾಕ್ಟ್ರಿ ಇರೋದು ಹೋಗೋದು ಆಮೇಲೆ ನೋಡೋಣ." ಲೈನುಗಳನ್ನೆಲ್ಲ ನಿಲ್ಲಿಸಿದರು.

ಆಶಾ ಕಾರ್ಯಕರ್ತೆ ಲಕ್ಷ್ಮೀದೇವಿಯವರ ಬಳಿ ಎಪ್ಪತ್ತೆರಡು ಹೆಸರುಗಳ ಪಟ್ಟಿ ಇತ್ತು. ಅವರೂ ಅವರ ಜೊತೆಯವರೂ ಒಂದೇ ಸಮನೆ ಫೋನ್ ಹಚ್ಚಿದರು. ನಾನು ಹೇಳಿಕೊಟ್ಟ ಮಾತು ಇಷ್ಟೇ: ಜಬ್ಲಾವನ್ನು ತಲೆಯ ಮೇಲಿಂದ ಎಳೆಯಬೇಡಿ, ಪಕ್ಕದಲ್ಲಿ ಕತ್ತರಿಸಿ ತೆಗೆಯಿರಿ, ಬಿಸಾಡಬೇಡಿ, ನಾವು ಬರುತ್ತೇವೆ. ಫೋನ್ ಸಿಗದ ಊರುಗಳಲ್ಲಿ ಹಾಲಿನ ಡೈರಿಯ ಮೈಕಿನಲ್ಲಿ ಕೂಗಿಸಿದರು. ಶೆಡ್ಡಿನಲ್ಲಿ ಸ್ಕೂಟರ್ ಇದ್ದ ಎಲ್ಲರೂ ಹೊರಟರು. ಇತ್ತ ನಾವು ನಾಗವೇಣಿಯ ಮಿಷನ್ನಿನ ಸುತ್ತ ನೆಲದ ಮೇಲೆ ಆಯಸ್ಕಾಂತ ಎಳೆದೆವು, ಕಸದ ಚೀಲಗಳನ್ನು ಡಿಟೆಕ್ಟರಿಗೆ ಹಾಕಿದೆವು. ನೆಲದಲ್ಲಿ ಬಿದ್ದಿರಲಿ ಎಂದು ನಾನು ಅಷ್ಟು ಬೇಡಿಕೊಂಡ ದಿನ ಇನ್ನೊಂದಿಲ್ಲ. ಏನೂ ಸಿಗಲಿಲ್ಲ.

ಜಬ್ಲಾಗಳು ಒಂದೊಂದೇ ಬರತೊಡಗಿದವು. ಕೆಲವು ಮಡಿಸಿಟ್ಟ ಹೊಸ ಬಟ್ಟೆ. ಕೆಲವಕ್ಕೆ ಹಾಲಿನ, ಸಾಂಬ್ರಾಣಿಯ ವಾಸನೆ. ಒಂದನ್ನು ಬೆಲ್ಟಿನ ಮೇಲಿಡುವುದು, ಅದು ಡಿಟೆಕ್ಟರಿನೊಳಗೆ ಹೋಗಿ ಆಚೆ ಬರುವವರೆಗೆ ದೀಪವನ್ನೇ ನೋಡುವುದು. ಹಸಿರು ದೀಪ. ಮೊದಲ ಇಪ್ಪತ್ತು ಮೂವತ್ತಕ್ಕೆ ಪ್ರತಿ ಸಲವೂ ಸಮಾಧಾನವಾಗುತ್ತಿತ್ತು. ಐವತ್ತು ದಾಟಿದ ಮೇಲೆ ಅದು ತಿರುಗಿಕೊಂಡಿತು. ಹಸಿರು ದೀಪ ಕಂಡರೇ ಹೆದರಿಕೆಯಾಗುತ್ತಿತ್ತು. ಇದರಲ್ಲಿ ಇಲ್ಲವೆಂದರೆ ಇನ್ನೂ ಬಾರದೇ ಇರುವುದರಲ್ಲಿ ಇದೆ. ಬಾರದೇ ಇರುವುದು ಯಾವುದೋ ಕೂಸಿನ ಮೈಮೇಲಿದೆ.

ಮಧ್ಯಾಹ್ನ ಮೂರೂವರೆಗೆ ಎಪ್ಪತ್ತೊಂದು ಬಂದಿದ್ದವು. ಎಪ್ಪತ್ತೊಂದಕ್ಕೂ ಹಸಿರು ದೀಪ.

ಉಳಿದದ್ದು ಅನಿತಾ ಎಂಬ ಬಾಣಂತಿಯದು. ಮನೆ ಕಾಮಸಮುದ್ರದಿಂದಾಚೆ, ಆಂಧ್ರದ ಗಡಿಯ ಹತ್ತಿರದ ಒಂದು ಸಣ್ಣ ಹಳ್ಳಿ. ಫೋನ್ ಸ್ವಿಚ್ ಆಫ್ ಎಂದು ಬರುತ್ತಿತ್ತು. ಕೂಸಿಗೆ ಹದಿಮೂರು ದಿನ. ಕಂಪನಿಯ ವ್ಯಾನಿನಲ್ಲಿ ನಾನು, ಲಕ್ಷ್ಮೀದೇವಿ, ನಾಗವೇಣಿ ಹೊರಟೆವು. ನಾಗವೇಣಿಯನ್ನು ಬರಬೇಡ ಎಂದಿದ್ದೆ. ಅವಳು ಆಗಲೇ ಹತ್ತಿ ಕೂತಿದ್ದಳು. ನನ್ನ ತೊಡೆಯ ಮೇಲೆ ಕೈಯಲ್ಲಿ ಹಿಡಿದು ತಪಾಸಣೆ ಮಾಡುವ ಚಿಕ್ಕ ಡಿಟೆಕ್ಟರ್ ಮತ್ತು ದಾರ ಕತ್ತರಿಸುವ ಕತ್ತರಿ.

ಕಾಮಸಮುದ್ರ ದಾಟಿ ಸ್ವಲ್ಪ ದೂರ ಹೋಗುತ್ತಲೇ ಅರಣ್ಯ ಇಲಾಖೆಯವರು ರಸ್ತೆಗಡ್ಡ ನಿಂತಿದ್ದರು. ಆನೆಗಳು ಕಾಡಿನಿಂದ ಹೊಲಕ್ಕಿಳಿದಿವೆ, ದಾಟುವವರೆಗೆ ಕಾಯಬೇಕು ಎಂದರು. ಇಂಜಿನ್ ಆಫ್ ಮಾಡಿಸಿದರು. ಎಲ್ಲೋ ಪಟಾಕಿಯ ಸದ್ದು, ಜನರ ಕೂಗು. ಇಪ್ಪತ್ತೈದು ನಿಮಿಷ ಹಾಗೇ ಕೂತಿದ್ದೆವು. ಆ ಹೊತ್ತಿನಲ್ಲಿ ಲಕ್ಷ್ಮೀದೇವಿ, ಹೇಳಬಾರದೆಂದುಕೊಂಡಿದ್ದರೋ ಏನೋ, ಒಂದು ಮಾತು ಹೇಳಿದರು. "ನೆನ್ನೆ ಆ ಕಡೆಯಿಂದ ಬಂದ ಅಂಗನವಾಡಿ ಟೀಚರ್ ಅಂತಿದ್ರು. ಆ ಕೂಸು ಒಂದೇ ಸಮ್ನೆ ಅಳ್ತೈತಂತೆ. ದೃಷ್ಟಿ ಆಗೈತೆ ಅಂತ ತಾಯತ ಕಟ್ಸಕ್ಕೆ ಓಗಿದ್ರಂತೆ."

ನಾಗವೇಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕಿಟಕಿಯಿಂದಾಚೆ ನೋಡಿದೆ. ಅಳುತ್ತಿದ್ದರೆ ಅಳಲಿ, ಅಳು ಇದ್ದರೆ ಜೀವ ಇದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ನಾವು ಆ ಮನೆ ಮುಟ್ಟಿದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅಳುವ ಸದ್ದು ಇರಲಿಲ್ಲ. ಹೊರಗೆ ಅನಿತಾಳ ತಾಯಿ ಮುನಿಯಮ್ಮ ರಾಗಿ ಕೇರುತ್ತಿದ್ದರು.

"ಕೂಸೆಲ್ಲಿ ಅವ್ವಾ?" ಎಂದರು ಲಕ್ಷ್ಮೀದೇವಿ.

"ಈಗ್ ತಾನೇ ಕಣ್ಮುಚ್ತು. ಎರಡ್ ದಿನದಿಂದ ಗೋಳು. ಎಬ್ಬಿಸ್ಬೇಡ್ರಮ್ಮ."

ಒಳಗೆ ಅನಿತಾ ಗೋಡೆಗೊರಗಿ ಕೂತಿದ್ದಳು. ಇಪ್ಪತ್ತು ಇಪ್ಪತ್ತೊಂದರ ಹುಡುಗಿ, ಕಣ್ಣು ಬಾತುಹೋಗಿದ್ದವು. ಕಾಲಿನ ಮೇಲೆ ಕೂಸು. ಹಳೆಯ ಸೀರೆಯ ತುಂಡು ಸುತ್ತಿದ್ದರು, ಅದರ ಒಳಗಿಂದ ನಮ್ಮ ಹಳದಿ ಜಬ್ಲಾದ ಅಂಚು ಕಾಣುತ್ತಿತ್ತು. ಹೊಸ ಬಟ್ಟೆಯೆಂದು ಕೊಟ್ಟ ದಿನವೇ ಹಾಕಿದ್ದರು. ಚಳಿಯೆಂದು ನೀರೂ ಹಾಕಿರಲಿಲ್ಲ, ಬಿಚ್ಚಿರಲೂ ಇಲ್ಲ.

ನಾನು ವಿಷಯ ಹೇಳಿದೆ. ಎಷ್ಟು ಸರಳವಾಗಿ ಹೇಳಲು ಸಾಧ್ಯವೋ ಅಷ್ಟು. ಅನಿತಾ ಗಬಕ್ಕನೆ ಕೂಸನ್ನು ಎದೆಗವಚಿಕೊಳ್ಳಲು ಹೋದಳು. "ಒತ್ತಬೇಡಮ್ಮ," ಎಂದು ಅವಳ ಮೊಣಕೈ ಹಿಡಿದೆ.

ಕೂಸಿನಿಂದ ಒಂದು ಗೇಣು ದೂರದಲ್ಲಿ ಡಿಟೆಕ್ಟರ್ ಹಿಡಿದೆ. ಕಾಲು, ಹೊಟ್ಟೆ, ಎದೆ, ಏನೂ ಇಲ್ಲ. ಸೊಂಟದಲ್ಲಿ ತಾಯತವಿದ್ದ ಕಡೆ ಕೂಗಿತು. ತಾಯತದ ಉಡಿದಾರ ಬಿಚ್ಚಿಸಿ ಮತ್ತೆ ಹಿಡಿದೆ. ಬಲಭುಜ, ಇಲ್ಲ. ಎಡಭುಜದ ಹತ್ತಿರ ಹೋಗುತ್ತಲೇ ಯಂತ್ರ ಕೂಗಿತು. ಆ ಸದ್ದಿಗೆ ಕೂಸು ಎಚ್ಚರವಾಗಿ ಮುಖ ಸಿಂಡರಿಸಿ ಅಳತೊಡಗಿತು.

ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈ ನನ್ನದು. ಆದರೂ ಕತ್ತರಿಯ ತುದಿ ಹೊಲಿಗೆಯ ಮೇಲೆ ನಿಲ್ಲಲಿಲ್ಲ. ನಾಗವೇಣಿ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು. "ಈ ಒಲಿಗೆ ನಂದು ಮೇಡಂ. ಎಲ್ಲಿ ಬಿಚ್ಚುತ್ತೆ ಅಂತ ನಂಗ್ಗೊತ್ತು." ಕೆಳಗಿನ ಅಂಚಿನಿಂದ ಶುರುಮಾಡಿ ಪಕ್ಕದ ಹೊಲಿಗೆಯುದ್ದಕ್ಕೂ ಕಂಕುಳಿನವರೆಗೆ ಕತ್ತರಿಸಿದಳು. ಬಲಭುಜದ ಪಟ್ಟಿ ಕತ್ತರಿಸಿದಳು. ಆಮೇಲೆ ಎಡಭುಜದ ಪಟ್ಟಿಯನ್ನು ಎರಡು ಬೆರಳಿನಲ್ಲಿ ಮೇಲಕ್ಕೆತ್ತಿ, ಚರ್ಮಕ್ಕೆ ತಾಗದಂತೆ, ಇಡೀ ಅಂಗಿಯನ್ನು ಎಲೆಯಂತೆ ಬಿಡಿಸಿ ತೆಗೆದಳು. ಅಷ್ಟು ಹೊತ್ತೂ ಅವಳ ಕೈ ಅಲುಗಲಿಲ್ಲ.

ಕೂಸಿನ ಎಡಭುಜದಲ್ಲಿ ಐದಾರು ಕೆಂಪು ಚುಕ್ಕೆಗಳಿದ್ದವು. ಎರಡರಲ್ಲಿ ರಕ್ತ ಒಣಗಿತ್ತು. ಮುನಿಯಮ್ಮ ಇರುವೆ ಕಚ್ಚಿದೆಯೆಂದು ಪಟ್ಟಿ ಸರಿಸಿ ಅದಕ್ಕೆ ಅರಿಸಿನ ಹಚ್ಚಿದ್ದರು. ಜಬ್ಲಾದ ಪಟ್ಟಿಯ ಮಡಿಕೆಯನ್ನು ಬೆಳಕಿಗೆ ಹಿಡಿದಾಗ ಸೂಜಿಯ ಮೊನೆ ಕಾಣಿಸಿತು. ಮುಕ್ಕಾಲು ಭಾಗ ಬಟ್ಟೆಯೊಳಗೆ, ತುದಿ ಮಾತ್ರ ಒಳಮುಖವಾಗಿ ಹೊರಗೆ. ಕೂಸನ್ನು ಭುಜಕ್ಕೆ ಹಾಕಿಕೊಂಡು ಸಮಾಧಾನ ಮಾಡಿದಷ್ಟೂ ಚುಚ್ಚುವ ಜಾಗ.

ಅನಿತಾ ಅದನ್ನೇ ನೋಡುತ್ತಿದ್ದಳು. "ಇದ್ನ ಒಲ್ದೋರ್ಯಾರು?" ಎಂದಳು.

"ನಾನೇ," ಎಂದಳು ನಾಗವೇಣಿ.

"ನಿಂಗೆ ಮಕ್ಳವ್ರಾ?"

"ಒಂದೈತೆ. ಹಾಲ್ ಕುಡಿಯೋ ಕೂಸು. ಮೊನೆ ಸಿಗೋಗಂಟ ಕೂತ್ರೆ ಕಡೇ ಬಸ್ಸು ತಪ್ಪೋಗುತ್ತೆ. ಅದಕ್ಕೇ ಮುಚ್ಚಿಕ್ದೆ."

ಅನಿತಾ ಅವಳನ್ನು ದಿಟ್ಟಿಸಿ ನೋಡಿ, "ನಿನ್ ಕೂಸು ಅಸ್ಕೊಂಡಿರುತ್ತೆ ಅಂತ ನನ್ ಕೂಸ್ನ..." ಎಂದು ಮಾತು ನಿಲ್ಲಿಸಿ, ಮುಖ ಗೋಡೆಗೆ ತಿರುಗಿಸಿಕೊಂಡಳು.

ಆಗ ನಾನು ಹೇಳಲೇಬೇಕಾಯಿತು. ಅವಳನ್ನು ಕೂರಿಸುವ ನಿಯಮ ನನ್ನದು, ಪರೀಕ್ಷೆಯಿಲ್ಲದೆ ಈ ಬಟ್ಟೆ ಕಳಿಸಿದ ಸಹಿಯೂ ನನ್ನದು ಎಂದೆ. ಮುನಿಯಮ್ಮ ಕೂಸನ್ನೆತ್ತಿಕೊಂಡು, "ಅದೆಲ್ಲ ಆಮ್ಯಾಕೆ. ಮೊದ್ಲು ಆಸ್ಪತ್ರೆಗೆ ನಡೀರಿ," ಎಂದರು.

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆದು, ಮೈಯೊಳಗೆ ಬೇರೆ ಚೂರು ಉಳಿದಿಲ್ಲವೆಂದು ಎಕ್ಸ್‌ರೇ ತೆಗೆದು ಖಚಿತಪಡಿಸಿದರು. ಗಾಯಗಳು ಮೇಲ್ಮೈಯವು, ವಾಸಿಯಾಗುತ್ತವೆ ಎಂದರು. ಇನ್ನೊಂದೆರಡು ದಿನ ಬಿಟ್ಟಿದ್ದರೆ ಕೀವಾಗಿ ಜ್ವರ ಏರುತ್ತಿತ್ತು, ಅಷ್ಟು ಎಳೆಯ ಮಗುವಿಗೆ ಅದು ಸಣ್ಣ ವಿಷಯವಲ್ಲ ಎಂದೂ ಹೇಳಿದರು. ಕೂಸು ಹಾಲು ಕುಡಿದು ಮಲಗಿತು. ವಿಷಯ ತಿಳಿದು ನೇರ ಆಸ್ಪತ್ರೆಗೇ ಬಂದು ಬೆಂಚಿನ ಮೇಲೆ ಕೂತಿದ್ದ ಮರಗದಮ್ಮ ಎದ್ದು ಹೋಗಿ ಅನಿತಾಳ ಮುಂದೆ ಕೈಮುಗಿದರು. ಅನಿತಾ ಕೈ ಮುಗಿಯಲಿಲ್ಲ, ಬೈಯಲೂ ಇಲ್ಲ. ಮುಂದೆಂದೂ ಆ ಮನೆಯವರು ನಮ್ಮ ಕಂಪನಿಯ ಬಟ್ಟೆ ಮುಟ್ಟಲಿಲ್ಲವೆಂದು ಲಕ್ಷ್ಮೀದೇವಿ ಹೇಳುತ್ತಿದ್ದರು. ಅದು ಸರಿಯಾಗಿಯೇ ಇದೆ.

ಮರುದಿನ ಎಕ್ಸ್‌ಪೋರ್ಟರಿಗೆ ನಾವೇ ಎಲ್ಲ ತಿಳಿಸಿದೆವು. ಅವರ ಕಡೆಯವರು ಬಂದು ಗೋಡೌನಿನಲ್ಲಿದ್ದ ಮಾಲನ್ನೆಲ್ಲ ಮತ್ತೆ ಪರೀಕ್ಷಿಸಿದರು. ಒಂದು ಆರ್ಡರ್ ರದ್ದಾಯಿತು, ಒಂದು ಉಳಿಯಿತು. ಕೆಲವು ತಿಂಗಳು ಅರ್ಧ ಮಿಷನ್‌ಗಳ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆವು. ನಾಗವೇಣಿಯನ್ನು ತೆಗೆಯಬೇಕೆಂಬ ಮಾತು ಬಂತು. ನನ್ನ ತಪ್ಪನ್ನು ಬರೆದು, ನನ್ನ ಹೆಸರನ್ನು ಅವಳ ಹೆಸರಿಗಿಂತ ಮೇಲೆ ಹಾಕಿ ಮರಗದಮ್ಮನವರಿಗೆ ಕೊಟ್ಟೆ. ಅವರು ಓದಿ, "ಇಬ್ರೂ ಇರಿ. ಇದನ್ನ ಮರೀಬೇಡಿ, ಅಷ್ಟೇ," ಎಂದರು.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಆ ಶುಕ್ರವಾರವಲ್ಲ, ಅದರ ನಂತರದ ಸೋಮವಾರ. ಅಂದು ನನ್ನ ನಿಯಮವನ್ನು ಎಲ್ಲರೆದುರು ಹಿಂತೆಗೆದುಕೊಂಡೆ. ಚೂರು ಕಳೆದರೆ ಹುಡುಕುವುದು ನಮ್ಮ ಕ್ವಾಲಿಟಿಯವರ ಕೆಲಸ, ಟೈಲರ್ ತನ್ನ ಬಸ್ಸಿಗೆ ಹೋಗಬಹುದು ಎಂದೆ. ಆಮೇಲೆ ಊಟದ ಹಾಲಿನಲ್ಲಿ ಒಂದು ಖಾಲಿ ಡಬ್ಬ ಇಡಿಸಿ, ಹೊರಗಿನಿಂದ ತಂದಿಟ್ಟುಕೊಂಡ ಸೂಜಿ ಯಾರ ಬಳಿಯಾದರೂ ಇದ್ದರೆ ಹಾಕಿಬಿಡಿ, ಯಾರೂ ನೋಡುವುದಿಲ್ಲ, ಯಾರನ್ನೂ ಕೇಳುವುದಿಲ್ಲ ಎಂದು ಹೇಳಿ ಹೊರಗೆ ಬಂದೆ. ನಾಗವೇಣಿ ಒಬ್ಬಳೇ ಹಾಗೆ ಮಾಡಿದ್ದಾಳೆ ಎಂದು ನಂಬಿದ್ದೆ. ನನ್ನ ರಿಜಿಸ್ಟರಿನಲ್ಲಿ ತಿಂಗಳಿಗೆ ಮೂರೋ ನಾಲ್ಕೋ ಸೂಜಿ ಮುರಿದ ದಾಖಲೆ ಇರುತ್ತಿತ್ತು. ತಪಾಸಣೆಗೆ ಬಂದವರಿಗೆ ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆ.

ಊಟವಾದ ಮೇಲೆ ಡಬ್ಬ ತೆರೆದೆ. ನಲವತ್ತೊಂದು ಸೂಜಿಗಳಿದ್ದವು.

ನಲವತ್ತೊಂದು ಸೂಜಿಯನ್ನೂ ಬೆಂಚಿನ ಮೇಲೆ ಸಾಲಾಗಿಟ್ಟೆ. ಇಷ್ಟು ವರ್ಷ ನಮ್ಮಿಂದ ಹೊರಟ ಬಟ್ಟೆಗಳು, ಅವನ್ನು ತೊಟ್ಟ ಮಕ್ಕಳು ಕಣ್ಣ ಮುಂದೆ ಬಂದರು. ಡಿಟೆಕ್ಟರ್ ಒಂದೇ ನಮ್ಮೆಲ್ಲರನ್ನೂ ಕಾಪಾಡಿತ್ತು. ನನ್ನ ನಿಯಮ ಸೂಜಿ ಮುರಿಯುವುದನ್ನು ನಿಲ್ಲಿಸಿರಲಿಲ್ಲ. ಮುರಿದದ್ದನ್ನು ಹೇಳುವುದನ್ನು ನಿಲ್ಲಿಸಿತ್ತು. ಮುಂದಿನ ತಿಂಗಳು ರಿಜಿಸ್ಟರಿನ ಎಂಟು ಪುಟ ತುಂಬಿದವು. ಇದೇನು ಇಷ್ಟೊಂದು ಎಂದು ತಪಾಸಣೆಯವರು ಹುಬ್ಬೇರಿಸಿದರು. ಮೊದಲೂ ಇಷ್ಟೇ ಮುರಿಯುತ್ತಿದ್ದವು ಸಾರ್, ಈಗ ನನಗೆ ಗೊತ್ತಾಗುತ್ತಿದೆ ಎಂದೆ.

ಕಳೆದ ವರ್ಷ ಕೆಲಸ ಬಿಟ್ಟೆ. ಈಗ ಆಗೊಮ್ಮೆ ಈಗೊಮ್ಮೆ ಹೊಸ ಸೂಪರ್‌ವೈಸರ್‌ಗಳಿಗೆ ಪಾಠ ಹೇಳಲು ಕರೆಯುತ್ತಾರೆ. ಯಂತ್ರಗಳ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಾನು ಅವರಿಗೆ ಹೇಳುವುದು ಒಂದೇ. ಲೈನಿನಲ್ಲಿ ಸೂಜಿ ಮುರಿದಾಗ ಆ ಹೆಣ್ಣುಮಗಳ ಕಣ್ಣ ಮುಂದೆ ಮೊದಲು ಬರಬೇಕಾದದ್ದು ಆ ಅಂಗಿ ತೊಡುವ ಕೂಸಿನ ಮುಖ. ಅದರ ಬದಲು ನಿಮ್ಮ ಮುಖ ಬಂದರೆ, ಆ ಮೊನೆ ಎಲ್ಲಿ ಹೋಯಿತೆಂದು ನಿಮಗೆ ಯಾವತ್ತೂ ತಿಳಿಯುವುದಿಲ್ಲ.